ಎರಡು ಸಲ ಜಗ್ಗಿದ ಟೇಪು

ಹಳೇ ಕಟ್ಟಡಗಳ ಅಳತೆ ತೆಗೆಯುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಟೇಪಿನ ಇನ್ನೊಂದು ತುದಿ ಹಿಡಿಯುತ್ತಿರುವವರು ನಮ್ಮ ಭಾವ. ಆವತ್ತು ನಗರಸಭೆಯ ಮುಚ್ಚಿಹೋದ ಪಂಪ್‌ಹೌಸ್‌ನಲ್ಲಿದ್ದೆವು. ಎತ್ತರದ ಕಮಾನು ಕಿಟಕಿ, ಹೂಬಳ್ಳಿ ಕೆತ್ತಿದ ಕಬ್ಬಿಣದ ಕಂಬ, ನಡುವೆ ಪಂಪು ಕೂರಿಸಿದ್ದ ದುಂಡು ಬಾವಿ. ನೀರೆತ್ತುವುದಕ್ಕೆ ಇಷ್ಟೊಂದು ಅಂದ ಯಾಕೆ ಬೇಕಿತ್ತೋ! ಬೆಳಗಿನಿಂದ ಏಣಿ ಹತ್ತಿಳಿದು ನನ್ನ ಮಂಡಿ ಸೋತಿತ್ತು. ಮಧ್ಯಾಹ್ನ ಮೂರಕ್ಕೆ ಬಾವಿಯ ಆಳವೊಂದೇ ಬಾಕಿ.

"ನೀನು ಕೂತ್ಕೋ, ನಾನು ಇಳೀತೀನಿ" ಅಂದರು ಭಾವ.

ಬಾವಿಯೊಳಗೆ ಕೂಗಿದರೆ ಮಾತು ಕಲಸಿಹೋಗುತ್ತದೆ. ಅದಕ್ಕೇ, ತುದಿಯನ್ನು ನೆಲಕ್ಕೆ ತಾಗಿಸಿದವರು ಟೇಪನ್ನು ಎರಡು ಸಲ ಜಗ್ಗುವುದು ನಮ್ಮ ಪದ್ಧತಿ. ನಾನು ಮಂಡಿ ನೀವಿಕೊಂಡು, ಸ್ವಲ್ಪ ಹೊತ್ತು ಬಿಟ್ಟು, ಅವರು ಕೆಳಗೆ ಮುಟ್ಟಿರಬೇಕು ಎಂದುಕೊಂಡು ಟೇಪು ಇಳಿಬಿಟ್ಟೆ. ಕೆಳಗಿನಿಂದ ಓಡುವ ಯಂತ್ರದ ಬಿಸಿ ಎಣ್ಣೆಯ ವಾಸನೆ ಬಂತು. ಟೇಪು ಎರಡು ಸಲ ಜಗ್ಗಿತು. ಹನ್ನೊಂದು ಮೀಟರ್ ನಲವತ್ತು ಎಂದು ಬರೆದುಕೊಂಡೆ.

"ಬ್ಯಾಟರಿ ತರೋಕೆ ವ್ಯಾನಿಗೆ ಹೋಗಿದ್ದೆ ಕಣೋ, ಈಗ ಇಳೀಲಾ?" ಎನ್ನುತ್ತಾ ಭಾವ ಹೊರಬಾಗಿಲಿನಿಂದ ಬಂದರು.

ನಾನು ಟೇಪು ಸುತ್ತಿಕೊಂಡೆ. ಕೊನೆಯ ಐದು ಮೀಟರ್ ಒದ್ದೆಯಾಗಿತ್ತು.

ಭಾವ ಇಳಿದು ಎರಡು ಸಲ ಜಗ್ಗಿದರು. ಆರು ಮೀಟರ್ ನಲವತ್ತು.

"ಕೆಳಗೆ ಒಣ ಕಾಂಕ್ರೀಟು. ಪಂಪು ತೆಗೆದಾಗಲೇ ಅರ್ಧ ತುಂಬಿಸಿಬಿಟ್ಟಿದ್ದಾರೆ" ಅಂದರು ಮೇಲೆ ಬಂದು.

ಆರು ನಲವತ್ತನ್ನೇ ನಕ್ಷೆಗೆ ಹಾಕಿದೆ. ತಲೆ ಕೆಡಿಸಿಕೊಳ್ಳುವ ತ್ರಾಣ ಇರಲಿಲ್ಲ. ನಕ್ಷೆ ಒಪ್ಪಿಸಲು ಹೋದಾಗ ನಗರಸಭೆಯ ಗುಮಾಸ್ತರು ಪಂಪ್‌ಹೌಸ್ ಕಟ್ಟಿದ ಕಾಲದ ನಕ್ಷೆ ತೋರಿಸಿದರು. ಬಾವಿಯ ಆಳ ಅಡಿಗಳಲ್ಲಿತ್ತು. ಮೀಟರಿಗೆ ತಿರುಗಿಸಿ ಮೂರು ಸಲ ಲೆಕ್ಕ ಹಾಕಿದೆ. ಮೂರು ಸಲವೂ ಹನ್ನೊಂದು ನಲವತ್ತೇ.