ಹಲಬರ್ಗಾದ ಆಕಳು, ಔರಾದದ ಆಕಳು

"ಈ ನಾಕು ಸಾಲು ಬರ್ದವರು ನೀವೇ ಏನ್ರಿ?"

ಔರಾದದ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಪಾಠ ಮುಗಿಸಿ ಕುಳಿತಿದ್ದ ನಾಗಸೇನ ತಲೆಯೆತ್ತಿದ. ಬೀದರಿನಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದ ಉಜ್ವಲಾಳ ಕಣ್ಣು ಕೆಂಡವಾಗಿತ್ತು.

ಪಿಎಚ್‌ಡಿಗಾಗಿ ಅವಳು ಮೂರು ವರ್ಷ ಊರೂರು ತಿರುಗಿ ದೇವಣಿ ತಳಿಯ ಆಕಳುಗಳ ರಕ್ತ ಸಂಗ್ರಹಿಸಿದ್ದಳು. ಡಿಎನ್‌ಎ ಓದಿಸಿ, ಲೇಖನ ಪ್ರಕಟಿಸಿ, ಯಾರು ಬೇಕಾದರೂ ಪರೀಕ್ಷಿಸಲಿ ಎಂದು ಇಡೀ ಡೇಟಾವನ್ನು ಜಾಲತಾಣದಲ್ಲಿ ತೆರೆದಿಟ್ಟಿದ್ದಳು.

ನಾಗಸೇನ ಪರೀಕ್ಷಿಸಿದ್ದ. ಹಲಬರ್ಗಾದ ಹನ್ನೊಂದನೇ ಆಕಳಿನ ಡಿಎನ್‌ಎ, ಔರಾದದ ನಾಲ್ಕನೆಯದರ ಡಿಎನ್‌ಎ... ಅಕ್ಷರಕ್ಕಕ್ಷರ ಒಂದೇ! ಒಂದು ರಕ್ತವನ್ನೇ ಎರಡೆಂದು ತೋರಿಸಿದಂತಿದೆ ಎಂದು ಲೇಖನದ ಕೆಳಗೆ ಎಲ್ಲರಿಗೂ ಕಾಣುವಂತೆ ಬರೆದಿದ್ದ.

"ಎರಡೂ ಊರಾಗ ಸೂಜಿ ಚುಚ್ಚಿದಾಕಿ ನಾ. ಒಂದ ಮಾತ ಕೇಳದ ಕಳ್ಳಿ ಅಂದ್ರಿ."

"ಕಳ್ಳಿ ಅಂದಿಲ್ರೀ. ಡಿಎನ್‌ಎ ಸುಳ್ಳ ಹೇಳಂಗಿಲ್ಲ ಅಂದೀನಿ."

"ನಾನೂ ಹೇಳಂಗಿಲ್ಲ."

ಅಂದು ಬೆಳಿಗ್ಗೆಯೇ ಅವಳ ಗೈಡ್ ಬುದ್ಧಿ ಹೇಳಿದ್ದರು. ಡೇಟಾ ತೆಗೆದುಹಾಕು, ಸುಮ್ಮನಿರು, ತಿಂಗಳೊಪ್ಪತ್ತಿನಲ್ಲಿ ಜನ ಮರೆಯುತ್ತಾರೆ, ಡಿಗ್ರಿ ಉಳಿಯುತ್ತದೆ. ಮುಚ್ಚಿಟ್ಟರೆ ಕಳವು ಒಪ್ಪಿಕೊಂಡ ಹಾಗಲ್ಲವೇ? ತೆಗೆಯುವುದಿಲ್ಲ ಎಂದು ಅವರ ಮುಖಕ್ಕೇ ಹೇಳಿ ಬಂದಿದ್ದಳು.

ಅದನ್ನು ಅವಳ ಬಾಯಿಂದ ಕೇಳಿ ನಾಗಸೇನ, ಆಕಳನ್ನೇ ನೋಡಿಬರೋಣವೆಂದು ಗಾಡಿಯ ಕೀಲಿ ಎತ್ತಿಕೊಂಡ. ತಪ್ಪು ಮಾಡಿದವರು ಮೊದಲು ಡೇಟಾ ಅಳಿಸುತ್ತಾರೆ... ಇವಳು ಜಗಳಕ್ಕೆ ಬಂದಿದ್ದಾಳೆ!

ಊರಂಚಿನ ಕೊಟ್ಟಿಗೆಯಲ್ಲಿ ಆ ನಾಲ್ಕನೇ ಆಕಳು ಕರುವಿಗೆ ಹಾಲೂಡಿಸುತ್ತಿತ್ತು. ಅದನ್ನು ಸಾಕುತ್ತಿದ್ದ ಕಾಶೀರಾಮ ನಕ್ಕುಬಿಟ್ಟ. ಆಕಳು ಅವನದಲ್ಲ, ಹಲಬರ್ಗಾದ ಬಿಸ್ಮಿಲ್ಲಾಬೀಯದು. ಇನ್ನೂ ಕರು ಹಾಕದ ಮಣಕವಿದ್ದಾಗಲೇ ಪಾಲಿಗೆ ತಂದಿದ್ದ: ಸಾಕುವವನಿಗೊಂದು ಕರು, ಒಡತಿಗೊಂದು ಕರು.

ಉಜ್ವಲಾ ತನ್ನ ಹಳೆಯ ಪಟ್ಟಿ ತೆರೆದು ನೋಡಿದಳು. ಹಲಬರ್ಗಾದಲ್ಲಿ ಅವಳು ರಕ್ತ ತೆಗೆದದ್ದು ಮಣಕದ್ದು. ಮರುವರ್ಷ ಅದೇ, ದೊಡ್ಡ ಆಕಳಾಗಿ, ಇಲ್ಲಿತ್ತು!

"ಆವತ್ತೇ ಯಾಕ ಹೇಳಲಿಲ್ಲ, ಕಾಕಾ?"

"ನೀ ಹಾಲೆಷ್ಟು, ವಯಸ್ಸೆಷ್ಟು ಅಂತ ಕೇಳಿದಿ ತಂಗಿ. ಯಾರ ಆಕಳಂತ ಕೇಳಿದ್ಯಾ?"

ಕೇಳಿರಲಿಲ್ಲ. ತಪ್ಪು ಅವಳದೇ.

ತಿದ್ದುಪಡಿಯನ್ನು ತಾನೇ ಪ್ರಕಟಿಸುವೆನೆಂದಳು. ಡಿಗ್ರಿ ಒಂದು ವರ್ಷ ಹಿಂದೆ ಬಿದ್ದೀತು ಎಂದು ಗೈಡ್ ಹೆದರಿಸಿದರು. ಬೀಳಲಿ ಎಂದಳು. ಮೂರು ಭಾನುವಾರ ನಾಗಸೇನನ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೊಸದಾಗಿ ವಿಶ್ಲೇಷಿಸಿದಳು. ಮುಖ್ಯ ಫಲಿತಾಂಶ ನಿಂತಿತು. ಔರಾದದ ಆಕಳುಗಳೇ ಬೇರೆ ಬಗೆಯವು ಎಂದು ಲೇಖನದಲ್ಲಿ ಬರೆದಿದ್ದ ಮಾತು ನಿಲ್ಲಲಿಲ್ಲ. ಅದನ್ನು ಸ್ವಲ್ಪ ಮೆತ್ತಗೆ ಬರೆಯೋಣವೇ ಎಂದು ಅವನು ಕೇಳಿದ. ಅವಳು ಪೂರ್ತಿ ಹೊಡೆದುಹಾಕಿದಳು.

ತಿದ್ದುಪಡಿ ಪ್ರಕಟವಾದ ದಿನ, ಅದರ ಕೆಳಗೆ ಯಾರೂ ಹೇಳದೆಯೇ ನಾಗಸೇನ ಹೆಸರು ಹಾಕಿ ಬರೆದಿದ್ದ: ಕೇಳದೆ ಅನುಮಾನಿಸಿದೆ, ತಪ್ಪು ನನ್ನದು.

ಸಂಜೆ ಅವಳನ್ನು ಬಸ್ಸಿಗೆ ಬಿಡಲು ಬಂದವನು ಗಾಡಿ ನಿಲ್ಲಿಸಿ ಹೇಳಿದ.

"ಕ್ಷಮಾ ಎಲ್ಲಾರ ಮುಂದ ಕೇಳೀನಿ. ಇನ್ನೊಂದು ಮಾತದ... ಅದು ನಿಮಗಷ್ಟ."

"ಹೇಳ್ರಿ."

"ನಂದೂ ನಿಮ್ದೂ ಲಗ್ನ ಆಗಲೇನ್ರಿ?"

ಬಸ್ಸು ಹೊರಟಿತು. ಅವಳು ಹತ್ತಲಿಲ್ಲ.

"ಆಗಲಿ. ಆದ್ರ ನಂದೇನರ ತಪ್ಪು ಕಂಡ್ರ, ಮೊದಲ ನನ್ನ ಕೇಳ್ಬೇಕು."

"ಕೇಳಿದ ಮ್ಯಾಲೂ ತಪ್ಪೇ ಇದ್ರ?"

"ಊರಿಗೆಲ್ಲ ಹೇಳ್ರಿ. ನಾ ಅಂಜಾಕಿ ಅಲ್ಲ."