ಟವೆಲ್ ಮರೆಯ ವ್ಯಾಪಾರ

"ಯಾರಿವನು?!"

ಊಟದ ಕ್ಯಾರಿಯರ್ ಹಿಡಿದು ಮಂಡಿಯ ಬಾಗಿಲಿಗೆ ಬಂದ ಮಲ್ಲಿಗಮ್ಮ ಅಲ್ಲೇ ನಿಂತುಬಿಟ್ಟಳು.

ಒಳಗೆ ಕೊಬ್ಬರಿ ಚೀಲಗಳ ನಡುವೆ ಅವಳ ಅಪ್ಪ ತಮ್ಮಯ್ಯ ಕೂತಿದ್ದರು. ಎದುರಿಗೆ ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಒಬ್ಬ ಯುವಕ. ಇಬ್ಬರ ಬಲಗೈಗಳೂ ಅಪ್ಪನ ಟವೆಲಿನ ಕೆಳಗೆ ಅಡಗಿದ್ದವು. ಬಾಯಲ್ಲಿ ಮಾತಿಲ್ಲ. ಟವೆಲ್ ಮಾತ್ರ ಆಗಾಗ ಅಲುಗುತ್ತಿತ್ತು.

"ಭಲೇ ಕಣಯ್ಯ ಮೇಷ್ಟ್ರೇ!" ತಮ್ಮಯ್ಯ ತೊಡೆ ತಟ್ಟಿ ನಕ್ಕರು. "ಈಟು ಬೇಗ ಬೆರಳು ಕಲ್ತ್ಬುಟ್ಯಲ್ಲ! ನನ್ನ ಮಂಡೀಲಿ ಕೂತ್ಕೋಬೌದು ನೀನು!"

ಮಲ್ಲಿಗಮ್ಮನ ಎದೆಯೊಳಗೆ ಚುರ್ ಎಂದಿತು.

ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಗಳಲ್ಲಿ ಆಗ ಯಾರೂ ಬೆಲೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವನು ಟವೆಲಿನ ಮರೆಯಲ್ಲಿ ಮಾರುವವನ ಬೆರಳು ಹಿಡಿಯುತ್ತಿದ್ದ. ಯಾವ ಬೆರಳು, ಎಷ್ಟು ಬೆರಳು ಎನ್ನುವುದೇ ಬೆಲೆ. ಮಲ್ಲಿಗಮ್ಮ ಲಂಗ ಉಡುತ್ತಿದ್ದ ಕಾಲದಿಂದಲೂ ಅಪ್ಪನನ್ನು ಕಾಡಿದ್ದಳು, ನನಗೂ ಕಲಿಸು ಅಂತ.

"ಎಣ್ಮಕ್ಳಿಗ್ಯಾಕವ್ವ ಇದು? ಗಂಡಸ್ರ ಕೈ ಇಡಿಯೋ ವ್ಯಾಪಾರ." ಪ್ರತಿ ಸಲವೂ ಇದೇ ಉತ್ತರ.

ಲಂಗದ ಹುಡುಗಿ ಬೆಳೆದಳು. ಹಾಸನದಲ್ಲಿ ಬಿ.ಎ. ಮಾಡಿದಳು, ಮೈಸೂರಿನಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿದಳು. ಅಪ್ಪನ ಉತ್ತರ ಮಾತ್ರ ಬದಲಾಗಲಿಲ್ಲ. ಈಗ ಅವಳ ಪೆಟ್ಟಿಗೆಯಲ್ಲಿ ಪಿಎಚ್.ಡಿ. ಅರ್ಜಿ ಇತ್ತು. ವಿಷಯ ಎಂಬ ಕಡೆ ಬರೆದಾಗಿತ್ತು: ಕೊಬ್ಬರಿ ಮಾರುಕಟ್ಟೆಯಲ್ಲಿ ಬೆಲೆ ನಿಗದಿಯಾಗುವ ಬಗೆ. ಅದರ ಕೆಳಗೆ ಬರೆಯಬೇಕಾದ ವಿವರಣೆ ಖಾಲಿ. ಬೆರಳೇ ಗೊತ್ತಿಲ್ಲದವಳು ಏನಂತ ಬರೆದಾಳು?

ಈ ವರ್ಷ ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಮದುವೆ. ಅಪ್ಪ ಹೇಳಿಯಾಗಿತ್ತು.

ಹಾಗಿರುವಾಗ ಎಲ್ಲಿಂದಲೋ ಬಂದ ಈ ಬಿಳಿ ಶರ್ಟಿಗೆ... ಕರೆದು ಕೂರಿಸಿಕೊಂಡು ಕಲಿಸುತ್ತಿದ್ದಾರೆ!

"ಬಾವ್ವ, ಬಾ. ಇವ್ರು ಚಲುವಯ್ಯ ಅಂತ. ಅರಕಲಗೂಡು ಕಡೆಯೋರು, ಆಸನದ ಕಾಲೇಜಲ್ಲಿ ಮೇಷ್ಟ್ರು. ಅದೆಂತದೋ ಡಾಕ್ಟ್ರು ಓದ್ತಾರಂತೆ."

"ಪಿಎಚ್.ಡಿ.ಗೆ ಅರ್ಜಿ ಹಾಕ್ತಿದ್ದೀನಿ. ಅರ್ಥಶಾಸ್ತ್ರ," ಎಂದ ಚಲುವಯ್ಯ ಸಂಕೋಚದಿಂದ. "ಈ ಮಂಡಿ ಬಗ್ಗೇನೇ ಬರೆಯೋಣ ಅಂತ..."

ಕ್ಯಾರಿಯರ್ ನೆಲಕ್ಕೆ ಕುಕ್ಕಿದ ಸದ್ದಿಗೆ ಇಬ್ಬರೂ ಬೆಚ್ಚಿದರು.

"ಬರೀರಿ. ಚೆನ್ನಾಗಿ ಬರೀರಿ," ಎಂದು ಮಲ್ಲಿಗಮ್ಮ ತಿರುಗಿ ನಡೆದಳು. 'ಒಂದೇ ವಿಷಯಕ್ಕೆ ಇಬ್ಬರನ್ನ ತೆಗೆದುಕೊಳ್ಳೋದಿಲ್ಲ' ಎಂದಿದ್ದ ಮೈಸೂರಿನ ಪ್ರೊಫೆಸರರ ಮಾತು ಕಿವಿಯಲ್ಲಿ ಗುಂಯ್ಗುಡುತ್ತಿತ್ತು.

ಅಂದಿನಿಂದ ಪ್ರತಿ ಸಂತೆಗೂ ಹಾಸನದ ಬಸ್ಸಿಳಿದು ಚಲುವಯ್ಯ ಬರತೊಡಗಿದ. ಮಂಡಿಯಿಂದ ಮನೆಗೂ ಬಂದ. ಅವ್ವ ನಂಜಮ್ಮನಿಗಂತೂ ಅವನನ್ನು ಕಂಡರೆ ಏನು ಅಕ್ಕರೆ! ಅವನ ಮುದ್ದೆಗೆ ತುಪ್ಪ ಧಾರಾಳ, ಮಗಳ ಮುದ್ದೆಗೆ ಬೆರಳದ್ದಿದಷ್ಟು.

"ಅವ್ವಾ, ನಾನೂ ಈ ಮನೇಲೇ ಇದ್ದೀನಿ."

"ನೀನು ದಿನಾ ಇರ್ತೀಯ ಕಣೇ. ಆ ಮಗ ಓಟ್ಲಲ್ಲಿ ಉಂಡೂ ಉಂಡೂ ಸೊರಗೋಗವ್ನೆ."

ಸೊರಗಿದ್ದಾನಂತೆ! ಅಷ್ಟಗಲದ ಭುಜ ಇಟ್ಟುಕೊಂಡು! ಹಾಗೆಂದುಕೊಂಡ ಮರುಗಳಿಗೆಯೇ ಮಲ್ಲಿಗಮ್ಮನಿಗೆ ಗಾಬರಿಯಾಯಿತು. ಅವನ ಭುಜವನ್ನು ತಾನು ಯಾವಾಗ ಅಷ್ಟು ಸರಿಯಾಗಿ ನೋಡಿದ್ದು? ನಿಜ ಹೇಳಬೇಕೆಂದರೆ ಈ ಹುಡುಗಿ ಸಂತೆಯ ದಿನ ಬೆಳಗಿನಿಂದಲೇ ಬಸ್ಸಿನ ಹಾರನ್ನಿಗೆ ಕಿವಿ ಕೊಟ್ಟಿರುತ್ತಿದ್ದಳು. ಬಂದರೆ ಉರಿ, ಬರದಿದ್ದರೆ ಇನ್ನೂ ಉರಿ.

ಒಂದು ದಿನ ಊಟವಾದ ಮೇಲೆ ಅವನು ಹಿತ್ತಲ ಬಾವಿಯ ಬಳಿ ಕೈ ತೊಳೆಯಲು ಬಂದ. ಅವಳು ನೀರು ಸೇದುತ್ತಿದ್ದಳು.

"ನಿಮ್ಮ ತಂದೆ ಹತ್ತಿರ ಹೇಳೋಕೆ ಧೈರ್ಯ ಇಲ್ಲ, ನಿಮಗೆ ಹೇಳ್ತೀನಿ. ಈ ಟವೆಲ್ ವ್ಯಾಪಾರ ನಿಲ್ಲಬೇಕು ಅಂತ ಬರೆಯೋಣ ಅಂದ್ಕೊಂಡಿದ್ದೀನಿ. ಬೆಲೆ ಮುಚ್ಚಿಡೋದು ಮೋಸಕ್ಕೆ ದಾರಿ ಅಲ್ವಾ?"

"ಅಲ್ಲ!" ಮಲ್ಲಿಗಮ್ಮ ಹಗ್ಗ ಬಿಟ್ಟು ತಿರುಗಿದಳು. "ಮನೆಯಲ್ಲಿ ಕಾಯಿಲೆ ಅಂತ ಒಬ್ಬ ಅವಸರಕ್ಕೆ ಕಮ್ಮಿಗೆ ಮಾರ್ತಾನೆ. ಅದು ಊರಿಗೆಲ್ಲ ಗೊತ್ತಾಗಬೇಕಾ? ಇನ್ನೊಬ್ಬನಿಗೆ ಹೆಚ್ಚು ಸಿಗುತ್ತೆ. ಅದು ತಿಳಿದು ಪಕ್ಕದವನ ಹೊಟ್ಟೆ ಉರೀಬೇಕಾ? ಒಬ್ಬರ ಮೇಲೊಬ್ಬರಿಗೆ ಹೊಟ್ಟೆಕಿಚ್ಚು ಬರಬಾರದು ಅಂತ ಹಾಕೋದು ರೀ ಆ ಟವೆಲ್ಲು. ಮೋಸ ಮಾಡೋನು ಟವೆಲ್ ಇಲ್ಲದೇನೂ ಮಾಡ್ತಾನೆ."

ಚಲುವಯ್ಯ ಒದ್ದೆ ಕೈಯಲ್ಲೇ ಅವಳನ್ನು ನೋಡುತ್ತ ನಿಂತ. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಅಂಗೈಯಗಲದ ಚೀಟಿಯ ಮೇಲೆ ಸರಸರನೆ ಏನೋ ಬರೆದುಕೊಂಡ.

ಅವಳ ಮೈಯೆಲ್ಲ ಬಿಸಿಯಾಯಿತು. 'ನನ್ನ ಮಾತು! ನನ್ನ ಮಾತನ್ನೂ ತನ್ನ ಅರ್ಜಿಗೆ ಸೇರಿಸಿಕೊಳ್ತಾನೆ! ಅಪ್ಪ ಆಯಿತು, ಅವ್ವ ಆಯಿತು, ಈಗ ನನ್ನ ತಲೆಯೊಳಗಿರೋದೂ ಇವನಿಗೇ ಬೇಕಾ?'

ಅಂದು ಸಂಜೆ ಅಪ್ಪನಿಗೆ ಕಾಫಿ ಕೊಡುತ್ತ ಅವಳು ಆ ಮಾತು ಆಡಿಯೇಬಿಟ್ಟಳು.

"ಅಪ್ಪಾ... ಆ ಮೇಷ್ಟ್ರು ಬರೆಯೋದು ಏನು ಗೊತ್ತಾ? ಟವೆಲ್ ವ್ಯಾಪಾರ ಮೋಸ, ನಿಲ್ಲಿಸಬೇಕು ಅಂತ."

ತಮ್ಮಯ್ಯನ ಕೈಯ ಲೋಟ ಅರ್ಧದಲ್ಲೇ ನಿಂತಿತು. ಕಾಫಿ ಕುಡಿಯದೆಯೇ ಎದ್ದು ಹೊರಗೆ ಹೋದರು.

ಮುಂದಿನ ಸಂತೆಗೆ ಚಲುವಯ್ಯ ಮಂಡಿಯ ಮೆಟ್ಟಿಲು ಹತ್ತಿದಾಗ ತಮ್ಮಯ್ಯ ಎದ್ದು ನಿಂತಿದ್ದರು.

"ನನ್ಮನೇಲಿ ಉಂಡು ನನ್ನ ಮಂಡಿಗೇ ಬೀಗ ಆಕ್ಸಕ್ ಬಂದ್ರಾ? ಓಗಿ ಸಾ. ಇನ್ ಮ್ಯಾಕೆ ಈ ಕಡೆ ಬರ್ಬ್ಯಾಡಿ."

'ಕಣಯ್ಯ' ಎನ್ನುತ್ತಿದ್ದ ಬಾಯಿ ಈಗ ಹೊರಗಿನವನಿಗೆಂಬಂತೆ 'ಸಾ' ಎಂದಿತ್ತು. ಚಲುವಯ್ಯನ ಮುಖ ಬಿಳಿಚಿತು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕ್ಯಾರಿಯರ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಮಲ್ಲಿಗಮ್ಮ ಕಂಡಳು. ಒಂದು ಗಳಿಗೆ ಅವಳ ಕಣ್ಣನ್ನೇ ನೋಡಿ ಬಾಯಿ ಮುಚ್ಚಿಕೊಂಡ. ತಮ್ಮಯ್ಯನಿಗೆ ಕೈಮುಗಿದು, ಅವಳ ಪಕ್ಕದಿಂದಲೇ ಇಳಿದು ಹೋದ.

ಗೆದ್ದಳು ಮಲ್ಲಿಗಮ್ಮ! ವಿಷಯ ಅವಳದೇ, ಅಪ್ಪ ಅವಳವರೇ, ತುಪ್ಪವೂ ಅವಳದೇ.

ಆದರೆ ತುಪ್ಪ ಹಾಕಿದ ಮುದ್ದೆಯನ್ನು ಅವಳು ತಟ್ಟೆಯಲ್ಲೇ ಬಿಟ್ಟೆದ್ದಳು.

ಸಂತೆ ಬಂತು. ಹಾಸನದ ಬಸ್ಸಿನ ಹಾರನ್ ಕೇಳಿತು. ಯಾರೂ ಬರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಕೂತ ಮಗಳನ್ನು ನೋಡಿ ನಂಜಮ್ಮ ನಿಟ್ಟುಸಿರಿಟ್ಟರು.

"ಆ ಉಡ್ಗನ್ ಓಡ್ಸಿ ಏನ್ ಸುಖ ಕಂಡ್ರೋ ನಿಮ್ಮಪ್ಪ. ಬಂದಾಗ್ಲೆಲ್ಲ ನಿನ್ ಮಾತೇ ಆಡ್ತಿತ್ತು."

"ನನ್ನ ಮಾತಾ?"

"ಊಂ ಕಣೆ. ಅವತ್ತು ಬಾವಿತಾವ ಅದೇನ್ ಯೋಳ್ದ್ಯೋ, ನಿನ್ ಅರ್ಜಿ ಇಸ್ಯ ನನ್ನ ಕೇಳ್ಕಂಡು, ಸೀದಾ ಬಂದು ನಿಮ್ಮಪ್ಪುನ್ ಮುಂದೆ ಕೂತ್ಕೊಂಡು ಆ ಚೀಟಿ ಓದ್ದ. 'ನನ್ನ ಯೋಚನೆ ತಪ್ಪಾಗಿತ್ತು, ನಿಮ್ಮ ಮಗಳು ಹೇಳಿದ್ದೇ ಸರಿ. ಅವರಿಗೆ ಕಲಿಸಿ, ಇದನ್ನ ಅವರೇ ಬರೀಬೇಕು' ಅಂತ ಬೇಡ್ಕಂಡ. ಯಾವ್ ಯೋಚ್ನೆ ಅಂತ ಮಾತ್ರ ಬಾಯ್ಬುಡ್ನಿಲ್ಲ. ನಿಮ್ಮಪ್ಪ ಎಣ್ಮಗಳು ಅಂತ ಒಪ್ನಿಲ್ಲ. ಸಂಜೆ ನೀನ್ ಅಂಗಂದ್ಯಲ್ಲ, ಮನ್ಸಲ್ ಒಂದಿಟ್ಕಂಡು ಬಾಯಲ್ಲಿ ಇನ್ನೊಂದ್ ಆಡ್ದ ಅಂತ ನಿಮ್ಮಪ್ಪುಂಗೆ ಸಿಟ್ಟು ಬಂದ್ಬುಡ್ತು."

ಮಲ್ಲಿಗಮ್ಮನ ಕಣ್ಣು ಮಂಜಾಯಿತು. 'ಅಯ್ಯೋ... ನನ್ನದನ್ನು ಕದಿಯುತ್ತಾನೆ ಅಂದುಕೊಂಡೆನಲ್ಲ. ನನಗೋಸ್ಕರ ಬೇಡಿಕೊಳ್ಳುತ್ತಿದ್ದನಾ?'

ಅವಳು ನೇರ ಮಂಡಿಗೆ ಹೋದಳು. ವ್ಯಾಪಾರ ಮುಗಿದು ತಮ್ಮಯ್ಯ ಒಬ್ಬರೇ ಇದ್ದರು.

"ಅಪ್ಪಾ, ತಪ್ಪು ನಂದು. ಅವರು ಮನಸ್ಸು ಬದಲಾಯಿಸಿದ್ದು ನಿಜ. ನಾನು ಅರ್ಧ ಮಾತ್ರ ಹೇಳಿದೆ... ಹೊಟ್ಟೆಕಿಚ್ಚಿಗೆ."

"ವಟ್ಟೆಕಿಚ್ಚಾ? ಯಾಕವ್ವ?"

"ನಾನು ಕೇಳಿ ಕೇಳಿ ಸಾಕಾದೆ. ಅವರು ಬಂದು ಕೂತ ತಕ್ಷಣ ಕಲಿಸಿದೆ. ನಾನಪ್ಪ ನಿನ್ನ ಮಗಳು!"

ಅವಳ ದನಿ ಒಡೆಯಿತು. ತಮ್ಮಯ್ಯ ಪಕ್ಕದ ಚೀಲ ಸರಿಸಿ ಅವಳಿಗೆ ಜಾಗ ಮಾಡಿದರು.

"ಊರೋರ್ಗೆಲ್ಲ ವಟ್ಟೆಕಿಚ್ ಬರ್ದಿರ್ಲಿ ಅಂತ ಟವಲ್ ಆಕ್ದೆ," ಎಂದರು. "ನನ್ಮನೇಲೇ ಅಚ್ಬುಟ್ನಲ್ಲವ್ವ ಆ ಕಿಚ್ನ... ಬಾ, ಕೂತ್ಕೋ. ಕೈ ಕೊಡು."

ಹೆಗಲ ಟವೆಲ್ ಮಗಳ ಕೈಯ ಮೇಲೆ ಬಿತ್ತು. ಅಪ್ಪನ ಒರಟು ಬೆರಳುಗಳು ಅವಳ ಬೆರಳನ್ನು ಒಂದೊಂದಾಗಿ ಹಿಡಿದವು. ಇದು ಒಂದು, ಇದು ಅರ್ಧ, ಇದು ಕಮ್ಮಿ ಮಾಡು ಅಂತ.

"ಅಂಗೈ ವತ್ತಿದ್ರೆ ಒಪ್ಗೆ. ಒಪ್ಗೆ ಆಗೋಗಂಟ ಕೈ ಬುಡಂಗಿಲ್ಲ. ಬುಟ್ರೆ ವ್ಯಾಪಾರ ಮುರುದ್ಬಿತ್ತು ಅಂತ."

ಕಲಿತಳು. ಅತ್ತುಕೊಂಡೇ ಕಲಿತಳು. ಅರ್ಜಿಯ ವಿವರಣೆ ತುಂಬಿದ ದಿನ ತಮ್ಮಯ್ಯ ತಮ್ಮ ಟವೆಲನ್ನು ಮಡಿಸಿ ಅವಳ ಕೈಗಿಟ್ಟರು.

"ಅರ್ಜಿ ಆಸನದಲ್ಲೇ ಅಂಚೆಗಾಕು. ಇದ್ನ ಮೇಷ್ಟ್ರುಗ್ ಕೊಡು. ನಾನು ಬರಕ್ ಯೋಳ್ದೆ ಅನ್ನು."

ಹಾಸನದ ಕಾಲೇಜಿನ ಆವರಣ. ಮರದ ಕೆಳಗಿನ ಕಲ್ಲು ಬೆಂಚಿನ ಬಳಿ ಅವಳು ಕಾಯುತ್ತಿದ್ದಳು. ಕೈಗೆ ಸೀಮೆಸುಣ್ಣ ಮೆತ್ತಿಕೊಂಡು ಬಂದ ಚಲುವಯ್ಯ ಅವಳನ್ನು ಕಂಡು ನಿಂತ.

"ನೀವು...!"

"ಅಪ್ಪನಿಗೆ ಹೇಳಿಕೊಟ್ಟವಳು ನಾನೇ."

"ಗೊತ್ತಿತ್ತು," ಎಂದ ಮೆಲ್ಲಗೆ. "ಟವೆಲ್ ನಿಲ್ಲಿಸಬೇಕು ಅನ್ನೋ ಮಾತು ನಾನು ಆಡಿದ್ದು ನಿಮ್ಮೊಬ್ಬರ ಹತ್ತಿರ."

"ಗೊತ್ತಿದ್ದೂ ಯಾಕೆ ಸುಮ್ಮನೆ ಹೋದ್ರಿ? ಬೈಯಬಾರದಿತ್ತಾ?"

"ಬಾಯಿ ಬಿಟ್ಟಿದ್ರೆ ನಿಮ್ಮ ತಂದೆ ಎದುರು ನೀವು ತಲೆ ತಗ್ಗಿಸಬೇಕಿತ್ತು. ನನ್ನ ಕೈಲಾಗಲಿಲ್ಲ."

ಮಲ್ಲಿಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನಿಮ್ಮ ಅರ್ಜಿ...?"

"ಕಳಿಸಿಬಿಟ್ಟೆ. ಹಾಸನದ ಆಲೂಗೆಡ್ಡೆ ವ್ಯಾಪಾರದ ಬಗ್ಗೆ. ಬಾವಿ ಹತ್ತಿರ ನೀವು ಮಾತಾಡಿದ ದಿನವೇ ಕೊಬ್ಬರಿ ನಿಮ್ಮದು ಅಂತ ಗೊತ್ತಾಗಿತ್ತು. ಮೂರು ತಿಂಗಳು ಓಡಾಡಿದವನಿಗೆ ಹೊಳೆಯದ್ದು ನಿಮಗೆ ನಿಂತ ನಿಲುವಲ್ಲಿ ಹೊಳೀತು. ನನಗೂ ಹೊಟ್ಟೆಕಿಚ್ಚಾಯ್ತು ರೀ... ಆದರೂ ವಿಷಯ ಬಿಟ್ಟೆ ಅಂತ ನಿಮಗೆ ಹೇಳಲಿಲ್ಲ. ಹೇಳಿದ್ರೆ ಮತ್ತೆ ನಿಮ್ಮ ಮನೆಗೆ ಬರೋಕೆ ನೆಪ ಇರ್ತಿರಲಿಲ್ಲ."

ಅವಳ ಎದೆ ಒಮ್ಮೆಲೇ ಹಗುರವಾಯಿತು. ಹಗುರವಾದದ್ದೇ ತಡ, ಇನ್ನೊಂದು ಉರಿ ಹತ್ತಿಕೊಂಡಿತು.

"ಆಲೂಗೆಡ್ಡೆ ಮಂಡಿಯ ದಲ್ಲಾಳಿ ಮನೆಯಲ್ಲೂ ಊಟ ಹಾಕ್ತಾರಾ?"

"ಹಾಕ್ತಾರೆ."

"ಅವರಿಗೆ ಮಗಳಿದ್ದಾಳಾ?"

"ಇದ್ದಾಳೆ."

ಮಲ್ಲಿಗಮ್ಮನ ಮುಖ ಕೆಂಪಾಯಿತು. ಚಲುವಯ್ಯ ನಗು ತಡೆಯಲಾರದೆ ಹೇಳಿದ:

"ಮೂರನೇ ಕ್ಲಾಸು. ಮಗ್ಗಿ ಕೇಳಿದ್ರೆ ಓಡಿಹೋಗ್ತಾಳೆ."

"ಹೋಗ್ರಿ!" ಎಂದಳು. ನಾಚಿಕೆಯಿಂದ ಎಲ್ಲಿ ನೋಡುವುದೋ ತಿಳಿಯದೆ, ಬೆಂಚಿನ ಮೇಲೆ ಕೂತು ಟವೆಲ್ ಬಿಚ್ಚಿದಳು. "ಅಪ್ಪ ಕಳಿಸಿದ್ದಾರೆ. ಬರೋಕೆ ಹೇಳಿದ್ದಾರೆ... ಕೈ ಕೊಡಿ."

"ಇಲ್ಲೇನಾ? ನಿಮಗೆ ಬೆರಳು ಗೊತ್ತಾ..."

"ನಾನು ತಮ್ಮಯ್ಯನ ಮಗಳು. ಕೊಡ್ರಿ ಅಂದೆ."

ಅವನು ಅತ್ತಿತ್ತ ನೋಡಿ, ಬೆಂಚಿನ ಇನ್ನೊಂದು ತುದಿಗೆ ಕೂತು, ಟವೆಲಿನ ಕೆಳಗೆ ಕೈಯಿಟ್ಟ. ಅವಳ ಬೆರಳು ತಾಗಿತು.

"ಏನು ವ್ಯಾಪಾರ ಇದು?" ಎಂದ ಚಲುವಯ್ಯ ಪಿಸುಮಾತಿನಲ್ಲಿ.

"ನೀವೇ ಹೇಳಿ. ಮೂರು ತಿಂಗಳು ಸುಮ್ಮನೆ ಬಂದು ಹೋದವರು ನೀವು."

ಚಲುವಯ್ಯ ಯಾವ ಬೆರಳನ್ನೂ ಹಿಡಿಯಲಿಲ್ಲ. "ಬೆರಳಲ್ಲಿ ಹೇಳೋಕೆ ಆಗಲ್ಲ. ಬಾಯಿಬಿಟ್ಟೇ ಹೇಳ್ತೀನಿ... ನಿಮ್ಮನ್ನ ಮದುವೆ ಆಗಬೇಕು ಅಂತ ಆಸೆ ಮಲ್ಲಿಗಮ್ಮ. ಇಬ್ಬರೂ ಓದೋಣ. ನಿಮಗೆ ಸೀಟು ಸಿಕ್ಕಿ ನನಗೆ ಸಿಗದಿದ್ರೂ ಈ ಆಸೆ ಹೋಗಲ್ಲ."

"ಆಗ ನಿಮಗೆ ಹೊಟ್ಟೆಕಿಚ್ಚು ಬರಲ್ವಾ?"

"ಬರುತ್ತೆ. ಬಂದಾಗ ನಿಮ್ಮ ಮುಂದೆ ಹೇಳ್ತೀನಿ. ನೀವೂ ನನ್ನ ಮುಂದೇ ಹೇಳಬೇಕು, ನಿಮ್ಮ ಅಪ್ಪನ ಮುಂದೆ ಅಲ್ಲ."

ಅವಳು ಅಳುತ್ತಲೇ ನಕ್ಕಳು. ಅವನ ಅಂಗೈಗೆ ತನ್ನ ಅಂಗೈ ಇಟ್ಟು ಗಟ್ಟಿಯಾಗಿ ಒತ್ತಿದಳು.

ಚಲುವಯ್ಯನಿಗೆ ಅರ್ಥವಾಯಿತು. ಕಣ್ಣು ತುಂಬಿಕೊಂಡು ಬಂತು. ಪಾಠದ ಗಂಟೆ ಹೊಡೆಯಿತು, ಹುಡುಗರು ಹೊರಗೆ ಬರತೊಡಗಿದರು.

"ಒಪ್ಪಿಗೆ ಆಯ್ತಲ್ಲ," ಎಂದ ಮೆಲ್ಲಗೆ. "ಇನ್ನು ಕೈ ಬಿಡಬಹುದು."

"ಬಿಡಿ ನೋಡೋಣ," ಎಂದಳು ಮಲ್ಲಿಗಮ್ಮ.

ಅವನು ಬಿಡಲಿಲ್ಲ. ಅವಳೂ ಬಿಡಲಿಲ್ಲ.