ಪಟ್ಟೆ ಹೇಟೆಯ ಮರಿಗಳು

ಎಷ್ಟೋ ಕಾಲದ ಹಿಂದೆ ಹೊನ್ನಗರಿ ಅಂತ ಒಂದು ರಾಜ್ಯವಿತ್ತು. ಅಲ್ಲಿನ ಅರಸನಿಗೆ ಆನೆ ಕುದುರೆಗಿಂತ ಕೋಳಿಗಳ ಮೇಲೇ ಮೋಹ. ಕೆಂಪು ಕೋಳಿಗೆ ಕೆಂಪೇ ಜೋಡಿ, ಪಟ್ಟೆ ಕೋಳಿಗೆ ಪಟ್ಟೆಯೇ ಜೋಡಿ. ಜುಟ್ಟು ಒಂಚೂರು ವಾಲಿದರೂ ಅರಮನೆಯ ಗೂಡಿಗೆ ಸೇರಿಸುವಂತಿಲ್ಲ. ಕುಲ ಕೆಡಬಾರದಲ್ಲ, ಪಾಪ! ಆ ಗೂಡುಗಳನ್ನು ನೋಡಿಕೊಳ್ಳುತ್ತಿದ್ದವನು ಮಾದಯ್ಯ. ಚಿನ್ನದಂಥ ಮನುಷ್ಯ, ಬಾಯಿ ಮಾತ್ರ ಸುಮ್ಮನಿರದು.

ಒಂದು ದಿನ ಅವನು, "ಆಗತಾನೆ ಮೊಟ್ಟೆಯೊಡೆದ ಮರಿ ನೋಡಿ ಗಂಡೋ ಹೆಣ್ಣೋ ಹೇಳಬಲ್ಲೆ" ಅಂತ ಜಂಬ ಕೊಚ್ಚಿದ. ಅದು ಮಾಟಗಾರ ಕಂಟಕಯ್ಯನ ಕಿವಿಗೆ ಬಿತ್ತು. "ಹೇಳು ನೋಡೋಣ" ಎಂದು ಬಂದೇಬಿಟ್ಟ. ಮಾದಯ್ಯ ಕೆಂಪು ಮರಿಗಳನ್ನು ಗಂಡು ಹೆಣ್ಣೆಂದು ಎರಡು ಬುಟ್ಟಿಗೆ ಹಂಚಿದ. ಕಂಟಕಯ್ಯ ಮಂತ್ರದ ಕೋಲು ಮುಟ್ಟಿಸಿದ, ಮರಿಗಳು ಕಣ್ಣೆದುರೇ ಬೆಳೆದು ನಿಂತವು. ಹೆಣ್ಣಿನ ಬುಟ್ಟಿಯಲ್ಲಿ ಹುಂಜ ಕೂಗಿತು. ಕಂಟಕಯ್ಯ ಕೋಲನ್ನು ಮಾದಯ್ಯನತ್ತ ಬೀಸಿದ, ಅವನು ಮೊಣಕಾಲವರೆಗೆ ಕಲ್ಲಾದ.

"ಇನ್ನೆರಡು ಸಲ ಅವಕಾಶ, ಇವನ ಪರವಾಗಿ ಯಾರು ಬೇಕಾದರೂ ಹೇಳಲಿ. ಎರಡೂ ಸಲ ತಪ್ಪಿದರೆ ಇವನು ಪೂರ್ತಿ ಕಲ್ಲು. ಒಮ್ಮೆ ಸರಿ ಹೇಳಿದರೂ ನನ್ನ ಮಾಟವೇ ಸುಟ್ಟುಹೋಗಲಿ" ಎಂದ ಕಂಟಕಯ್ಯ.

ಹೆಂಡತಿ ಪುಟ್ಟೀರಮ್ಮ ಅಳುತ್ತಲೇ ಬೈದಳು. "ಆ ಬಾಯೇ ಮೊದಲು ಕಲ್ಲಾಗಬಾರದಿತ್ತಾ? ನೀವಿಲ್ಲದೆ ನಾನು ಹೆಂಗೆ ಬದುಕಲಿ?"

ಕೆಂಪಿಗೆ ಕೆಂಪೇ ಸೇರಿದರೆ ಮರಿಗಳೆಲ್ಲ ಒಂದೇ ಥರ ಕಾಣುತ್ತವೆ, ಬೆರೆಸಿ ನೋಡಬೇಕು ಅಂದುಕೊಂಡಳು. ಅರಸನ ಕಾಲು ಹಿಡಿದು ಒಪ್ಪಿಸಿದಳು. ಅರಮನೆಯ ಮುದ್ದಿನ ಪಟ್ಟೆ ಹುಂಜವನ್ನು ಕೆಂಪು ಹೇಟೆಗಳ, ಅಂದರೆ ಹೆಣ್ಣುಕೋಳಿಗಳ ಜೊತೆ ಬಿಟ್ಟಳು. ಮರಿಗಳು ಕಪ್ಪಗೆ ಹುಟ್ಟಿದವು, ಪ್ರತಿಯೊಂದರ ನೆತ್ತಿಯಲ್ಲೂ ಪಟ್ಟೆ ಕುಲದ ಬಿಳಿ ಬೊಟ್ಟು. ಯಾವುದು ಯಾವುದೆಂದು ಹೇಳುವುದು? ಅಂದಾಜಿನ ಮೇಲೆ ವಿಂಗಡಿಸಿದಳು, ತಪ್ಪಿತು. ಮಾದಯ್ಯ ಕುತ್ತಿಗೆವರೆಗೆ ಕಲ್ಲಾದ.

ಗಂಡನಿಗೆ ಅಂಬಲಿ ಕುಡಿಸುತ್ತಾ ಕೂತಳು. ಅವನು ಆಗಲೂ ಮಾತಾಡುತ್ತಲೇ ಇದ್ದ. "ಆ ಹುಂಜದ ಬೊಟ್ಟು ಎಲ್ಲ ಮಕ್ಕಳಿಗೂ ಹೋಯ್ತು ನೋಡು. ನಮ್ಮಪ್ಪನೂ ಹಂಗೇ, ಬೆಲ್ಲ ತಂದರೆ ಎಲ್ಲರಿಗೂ ಹಂಚೋನು. ಅವ್ವ ಮಾತ್ರ ಬೆಣ್ಣೆ ಬಚ್ಚಿಟ್ಟು ನನಗೊಬ್ಬನಿಗೇ ಕೊಡೋಳು."

"ಗಂಡುಮಗ ಅಂತ. ಅತ್ತೆಮ್ಮನ ಬುದ್ಧಿ ನಂಗೊತ್ತಿಲ್ವಾ" ಎಂದವಳ ಕೈ ಅಲ್ಲೇ ನಿಂತಿತು. ಬೊಟ್ಟನ್ನು ಅಪ್ಪನ ಬದಲು ಅವ್ವನೇ ಕೊಟ್ಟರೆ?

ಈ ಸಲ ಕೆಂಪು ಹುಂಜವನ್ನು ಪಟ್ಟೆ ಹೇಟೆಗಳ ಜೊತೆ ಬಿಟ್ಟಳು. ಮರಿಗಳೆಲ್ಲ ಕಪ್ಪೇ. ಆದರೆ ಕೆಲವಕ್ಕೆ ನೆತ್ತಿಯ ಮೇಲೆ ಬೊಟ್ಟಿತ್ತು, ಕೆಲವಕ್ಕೆ ಇರಲಿಲ್ಲ. ಪುಟ್ಟೀರಮ್ಮ ಬೊಟ್ಟಿನವನ್ನು ಗಂಡಿನ ಬುಟ್ಟಿಗೆ ಹಾಕಿದಳು, ಉಳಿದವನ್ನು ಹೆಣ್ಣಿನ ಬುಟ್ಟಿಗೆ.

ಕಂಟಕಯ್ಯ ನಗುತ್ತಾ ಕೋಲು ಮುಟ್ಟಿಸಿದ. ಒಂದು ಬುಟ್ಟಿಯಿಂದ ಹುಂಜಗಳು ಒಟ್ಟಿಗೆ ಕೂಗಿದವು. ಇನ್ನೊಂದರಲ್ಲಿ ಹೇಟೆಗಳು ಮೆಲ್ಲಗೆ ಕೊಕ್ ಕೊಕ್ ಅಂದವು, ಒಂದೂ ಕೂಗಲಿಲ್ಲ. ಕೋಲು ಅವನ ಕೈಯಲ್ಲೇ ಬೂದಿಯಾಯಿತು. ಮಾಟ ಹೋದ ಕಂಟಕಯ್ಯನಿಗೆ ಅರಸ ಗೂಡು ಗುಡಿಸುವ ಕೆಲಸ ಕೊಟ್ಟ. ಕೋಳಿಗಳೂ ಬಣ್ಣ ನೋಡದೆ ಒಂದೇ ಅಂಗಳದಲ್ಲಿ ಮೇಯ್ದವು, ರಾಜ್ಯವೆಲ್ಲ ಹೊಟ್ಟೆ ತುಂಬ ಉಂಡು ತಣ್ಣಗಿತ್ತು.

ಮಾದಯ್ಯನ ಮೈಮೇಲಿನ ಕಲ್ಲು ಉದುರಿದಾಗ ಅವನು ಜೋಮು ಹಿಡಿದ ಕಾಲಲ್ಲಿ ಹೆಂಡತಿಯ ಹೆಗಲಿಗೆ ವಾಲಿದ. ಎಲ್ಲರೂ ಅವನ ಜಂಬದ ಮಾತಿಗೆ ಕಾದರು.

"ಭಯವಾಗಿತ್ತು ಕಣೆ" ಎಂದ, ಅಷ್ಟೇ.

"ನಂಗೂ" ಎಂದಳು ಪುಟ್ಟೀರಮ್ಮ, ಅವನನ್ನು ಬಿಡದೆ.